ದ್ರಾಕ್ಷಿಯ ಸೀಮೆಯಲ್ಲಿ ಹಾರವಾಡದ ನಾಲಗೆ

ಹಬ್ಬದ ಅಡುಗೆಯಲ್ಲಿ ಉಪ್ಪು ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂಬುದನ್ನು ನಾಲಗೆಗೆ ಹಚ್ಚದೆ, ಬರಿಯ ಆವಿಯ ವಾಸನೆಯಿಂದಲೇ ಹೇಳಬಲ್ಲ ಗೃಹಿಣಿಯರು ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ನೈವೇದ್ಯವಾಗುವ ತನಕ ರುಚಿ ನೋಡಬಾರದೆಂಬ ಕಟ್ಟಳೆಯೇ ಅವರ ಮೂಗಿಗೆ ಈ ವಿದ್ಯೆಯನ್ನು ಕಲಿಸಿತು. ಉಪ್ಪಿಗೆ ವಾಸನೆಯೆಲ್ಲಿಯದು ಎಂದು ರಸಾಯನಶಾಸ್ತ್ರ ಓದಿದವರು ಆಕ್ಷೇಪಿಸಿಯಾರು. ಆಕ್ಷೇಪ ಸರಿಯಾದದ್ದೇ. ಆದರೆ ನೀರಿನಲ್ಲಿ ಉಪ್ಪು ಕರಗಿದಾಗ ಅದರಲ್ಲಿರುವ ಇತರ ಪದಾರ್ಥಗಳ ಗಂಧವು ಹೆಚ್ಚು ಸುಲಭವಾಗಿ ಮೇಲೇಳುತ್ತದೆಂಬುದೂ ಅದೇ ಶಾಸ್ತ್ರದ ಮಾತು. ಉಪ್ಪು ಬಿದ್ದ ಸಾರಿನ ವಾಸನೆಯೇ ಬೇರೆ, ಬೀಳದ ಸಾರಿನ ವಾಸನೆಯೇ ಬೇರೆ ಎಂದು ನಮ್ಮ ಅತ್ತಿಗೆಯವರು ನಲವತ್ತು ವರ್ಷಗಳಿಂದ ಹೇಳುತ್ತ ಬಂದದ್ದಕ್ಕೆ ಹೀಗೆ ಶಾಸ್ತ್ರಾಧಾರವೂ ಉಂಟು.

ಅತ್ತಿಗೆಯವರನ್ನು ಈ ಅಂಕಣಕ್ಕೆ ಕರೆತಂದದ್ದಕ್ಕೆ ಕಾರಣವಿದೆ. ಕಾರವಾರ ಅಂಕೋಲೆಗಳ ನಡುವೆ, ಕೊಂಕಣ ರೈಲುಮಾರ್ಗದ ಮೇಲೆ, ವೇಗದ ಗಾಡಿಗಳು ನಿಲ್ಲದೆ ಹಾದುಹೋಗುವ ಒಂದು ಚಿಕ್ಕ ನಿಲ್ದಾಣವಿದೆ. ಅದೇ ನಮ್ಮ ಹಾರವಾಡ. ಆ ಊರಿನ ಮನೆ, ಬಾವಿ, ಹಿತ್ತಲುಗಳನ್ನು ಬಿಟ್ಟು ಅತ್ತಿಗೆಯವರು ಬೆಂಗಳೂರಿನ ಮಗನ ಮನೆಗೆ ಹೋಗುವುದೇ ಅಪರೂಪ. ಕಳೆದ ಫೆಬ್ರುವರಿಯಲ್ಲಿ ಹೋದಾಗ ನಾನೂ ಜೊತೆಯಲ್ಲಿದ್ದೆ. ಮಗನು ಒಂದು ಸಂಜೆ, ‘ನಂದಿಬೆಟ್ಟದ ಮಗ್ಗುಲಲ್ಲಿ ದ್ರಾಕ್ಷಿಯ ತೋಟಗಳಿವೆ ಆಯೀ, ವೈನ್ ಮಾಡುವುದನ್ನು ತೋರಿಸುತ್ತಾರೆ, ಅದರ ರುಚಿ ನೋಡುವ ಬಗೆಯನ್ನೂ ಕಲಿಸುತ್ತಾರೆ. ಭಾನುವಾರ ಎಲ್ಲರೂ ಹೋಗಿಬರೋಣ’ ಎಂದ. ಅತ್ತಿಗೆಯವರ ಮುಖ ಕಪ್ಪಿಟ್ಟಿತು.

‘ಆ ವಾಸನೆ ನನಗೆ ಆರು ವರ್ಷದವಳಿದ್ದಾಗಿಂದ ಗೊತ್ತು. ಅದನ್ನು ಕಲಿಯಲಿಕ್ಕೆ ದುಡ್ಡು ಕೊಟ್ಟು ಹೋಗಬೇಕೋ?’ ಎಂದಷ್ಟೇ ಹೇಳಿ ಒಳಗೆ ಹೋದರು.

ಅವರ ತವರು ಗೋವೆಯ ಗಡಿಗೆ ಹತ್ತಿರದ ಹಳ್ಳಿ. ಉತ್ತರ ಕನ್ನಡವು ಮುಂಬಯಿ ರಾಜ್ಯಕ್ಕೆ ಸೇರಿದ್ದಾಗ 1949ರ ಪಾನನಿರೋಧ ಕಾನೂನು ಇಲ್ಲಿಗೂ ಬಂದಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಆ ನಿರೋಧವು 1960ರ ದಶಕದ ಉತ್ತರಾರ್ಧದವರೆಗೆ ನಡೆದುಬಂದಿತು. ಗಡಿಯಾಚೆಗಾದರೋ 1961ರ ಡಿಸೆಂಬರ್ ತನಕ ಪೋರ್ತುಗೀಜರ ಆಳಿಕೆ. ಅಲ್ಲಿ ಗೇರುಹಣ್ಣಿನ ಫೆನ್ನಿಗೆ ಯಾವ ಅಡ್ಡಿಯೂ ಇರಲಿಲ್ಲ. ಒಂದು ಕಡೆ ನಿಷಿದ್ಧ, ನಾಲ್ಕು ಹರದಾರಿ ಆಚೆ ಅಗ್ಗ. ಇಂಥಲ್ಲಿ ಏನಾಗುವುದೋ ಅದೇ ಆಯಿತು. ಕತ್ತಲೆಯಲ್ಲಿ ಬರುತ್ತಿದ್ದ ಬಾಟಲಿಗಳಿಗೆ ಅತ್ತಿಗೆಯವರ ತಂದೆ ಮೊದಲು ಹೆಂಡತಿಯ ಬಳೆಗಳನ್ನು ತೆತ್ತರು, ಅನಂತರ ಕೆಳಗಿನ ಗದ್ದೆಯನ್ನು. ಈ ಸಂಗತಿಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಆದರೂ ಅವರು ಬಂದರು. ‘ಕುಡಿಯಬೇಕೆಂದಿಲ್ಲ ಆಯೀ, ಮೂಸಿದರೆ ಸಾಕು’ ಎಂದು ಮಗನು ಹೇಳಿದ್ದು ಒಂದು ಕಾರಣ. ಭಾನುವಾರ ಮನೆಯಲ್ಲಿ ಒಬ್ಬರೇ ಕುಳಿತಿರಬೇಕಾದೀತೆಂಬುದು ಇನ್ನೊಂದು.

ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೇಕೆಂದು ಕೆಲವರಿಗೆ ಅನ್ನಿಸಬಹುದು. ಮದ್ಯವು ಅರ್ಬುದರೋಗಕ್ಕೆ ಕಾರಣವಾಗುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿದ್ದೆಂದು ಅಂತರರಾಷ್ಟ್ರೀಯ ತಜ್ಞಮಂಡಳಿಯು 1988ರಷ್ಟು ಹಿಂದೆಯೇ ಹೇಳಿದೆ. ಇಷ್ಟರವರೆಗೆ ಕುಡಿದರೆ ಅಪಾಯವಿಲ್ಲ ಎಂದು ಗೆರೆ ಎಳೆಯುವಂತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಹೃದಯಕ್ಕೆ ಒಳ್ಳೆಯದೆಂಬ ನೆವದಲ್ಲಿ ಲೋಟ ಎತ್ತುವವರಿಗೆ ನನ್ನಿಂದ ಪುಷ್ಟಿ ದೊರೆಯಲಾರದು. ನಾನು ಇಲ್ಲಿ ಹೇಳಹೊರಟಿರುವುದು ರುಚಿ ನೋಡುವ ವಿದ್ಯೆಯನ್ನು ಕುರಿತು. ಆ ವಿದ್ಯೆಯಲ್ಲಿ ಪಳಗಿದವರು ಬಾಯಲ್ಲಿ ಇಟ್ಟದ್ದನ್ನು ಉಗುಳುತ್ತಾರೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಮೇಲಾಗಿ, ಬಾಣಂತಿಯರ ಮನೆಗಳಲ್ಲಿ ಕಪಾಟಿನ ಮೇಲ್ಗಡೆ ಗೌರವದಿಂದ ಕುಳಿತಿರುವ ದ್ರಾಕ್ಷಾರಿಷ್ಟವೂ ಹುಳಿತು ಸಿದ್ಧವಾದ ದ್ರಾಕ್ಷಿಯ ರಸವೇ. ಅದರಲ್ಲಿಯೂ ತಾನಾಗಿ ಹುಟ್ಟಿದ ಮದ್ಯಾಂಶವಿದೆ.

ಬೆಂಗಳೂರಿನಿಂದ ಬಡಗಲಿಗೆ, ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ ನೆಲ ಕೆಂಪಾಗುತ್ತದೆ. ದೂರದಲ್ಲಿ ನಂದಿಬೆಟ್ಟ ಕಾಣುತ್ತದೆ. ಎತ್ತರ 1,478 ಮೀಟರು. ಹಗಲು ಬಿಸಿಲು, ಇರುಳು ತಂಪು. ಈ ತಂಪಿನಲ್ಲಿಯೇ ಮರ್ಮವಿದೆ: ಬಿಸಿಲು ಹಣ್ಣಿಗೆ ಸಕ್ಕರೆಯನ್ನು ತುಂಬುತ್ತದೆ, ತಂಪಾದ ಇರುಳು ಅದರ ಹುಳಿಯನ್ನು ಕಾಯುತ್ತದೆ. ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ‘ಬೆಂಗಳೂರು ನೀಲಿ’ ಎಂಬ ಜಾತಿಯನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ರೈತರು ಬಹುಕಾಲದಿಂದ ಬೆಳೆಯುತ್ತಿದ್ದಾರೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ವೈನಿಗೆಂದೇ ಫ್ರಾನ್ಸಿನ ಜಾತಿಗಳನ್ನು ತಂದು ಇಲ್ಲಿ ನೆಟ್ಟವರಲ್ಲಿ ಮೊದಲಿಗರು ಕನ್ವಲ್ ಗ್ರೋವರ್ ಎಂಬ ಉದ್ಯಮಿ. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞರ ನೆರವಿನಿಂದ ಅವರು ಹಲವು ಜಾತಿಗಳನ್ನು ಪರೀಕ್ಷಿಸಿ, 1980ರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ಹತ್ತಿರ ತೋಟವೆಬ್ಬಿಸಿದರು. ರಾಜ್ಯ ಸರಕಾರವು ದ್ರಾಕ್ಷಾರಸಕ್ಕೆಂದು ಪ್ರತ್ಯೇಕ ನೀತಿಯನ್ನು ಗೊತ್ತುಮಾಡಿದ್ದು 2007ರಲ್ಲಿ. ಈಗ ಕೃಷ್ಣಾ ತೀರದ ವಿಜಯಪುರ, ಬಾಗಲಕೋಟೆಗಳ ಕಡೆಯಲ್ಲಿಯೂ ವೈನಿನ ದ್ರಾಕ್ಷಿ ಬೆಳೆಯುತ್ತಾರೆ.

ನಾವು ಹೋದದ್ದು ಈ ಸೀಮೆಯ ಒಂದು ತೋಟಕ್ಕೆ, ಹೆಸರಿನ ಅಗತ್ಯವಿಲ್ಲ. ಕೊಯ್ಲು ನಡೆದಿತ್ತು. ಯುರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ಕೊಯ್ಲು ಸೆಪ್ಟೆಂಬರ್ ಸುಮಾರಿಗೆ. ನಮ್ಮಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ: ಬೇಸಗೆಯಲ್ಲಿ ಒಂದು ಸಲ, ಮಳೆ ಹಿಂದೆಗೆದ ಮೇಲೆ ಇನ್ನೊಂದು ಸಲ. ಎರಡನೆಯ ಕತ್ತರಿಯ ಫಲವೇ ಈ ಮಾಘದ ಹಣ್ಣು. ಅತ್ತಿಗೆಯವರು ಒಂದು ಹಣ್ಣನ್ನು ಕೇಳಿ ಪಡೆದು ಬಾಯಿಗಿಟ್ಟರು. ಗುಂಡು ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ‘ಪೇಟೆಯಲ್ಲಿ ಇದನ್ನು ಯಾರೂ ಕೊಳ್ಳುವುದಿಲ್ಲ’ ಎಂದರು. ತೋಟ ತೋರಿಸುತ್ತಿದ್ದ ತರುಣಿ ನಕ್ಕು, ವೈನಿಗೆ ಬೇಕಾದದ್ದು ಆ ಸಿಪ್ಪೆಯೇ ಎಂದಳು. ಕೆಂಪು ವೈನಿನ ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುತ್ತವೆ. ರಸವನ್ನು ಸಿಪ್ಪೆಯೊಡನೆ ಹುಳಿಯಲು ಬಿಟ್ಟರೆ ಕೆಂಪು, ಸಿಪ್ಪೆಯನ್ನು ಮೊದಲೇ ಬೇರ್ಪಡಿಸಿದರೆ ಬಿಳಿ. ಉಕ್ಕಿನ ದೊಡ್ಡ ಹಂಡೆಗಳು, ಓಕ್ ಮರದ ಪೀಪಾಯಿಗಳು, ಇವನ್ನೆಲ್ಲ ನೋಡಿದ್ದಾಯಿತು. ಯಂತ್ರಗಳ ವರ್ಣನೆ ಯಾರಿಗೂ ಬೇಡ.

ಪಾಠ ಆರಂಭವಾದದ್ದು ಒಂದು ಉದ್ದನೆಯ ಮೇಜಿನ ಸುತ್ತ. ನಮ್ಮ ಜೊತೆಗೆ ಬೆಂಗಳೂರಿನ ಹತ್ತು ಹನ್ನೆರಡು ಜನ ಸುಶಿಕ್ಷಿತರು. ಪ್ರತಿಯೊಬ್ಬರ ಮುಂದೆಯೂ ಕಾಲುಳ್ಳ ನಾಲ್ಕು ಗಾಜಿನ ಬಟ್ಟಲುಗಳು, ಮೇಜಿನ ನಡುವೆ ಉಗುಳುವುದಕ್ಕೊಂದು ಪಾತ್ರೆ. ಅದನ್ನು ಕಂಡು ಅತ್ತಿಗೆಯವರು ನನ್ನತ್ತ ಬಾಗಿ, ‘ಪೀಕದಾನಿ ಇಟ್ಟಿದ್ದಾರೆ ತಮಾ, ಕವಳವೂ ಉಂಟೋ?’ ಎಂದು ಕೇಳಿದರು.

ಕ್ರಮ ಹೀಗೆ. ಬಟ್ಟಲಿನ ಮೂರರಲ್ಲೊಂದು ಪಾಲು ಮಾತ್ರ ತುಂಬಬೇಕು. ಮೇಲಿನ ಬರಿದಾದ ಜಾಗವು ಗಂಧ ನಿಲ್ಲುವುದಕ್ಕೆ. ಕೈಯ ಬಿಸಿ ತಾಗದಂತೆ ಕಾಲನ್ನು ಹಿಡಿಯಬೇಕು. ಮೊದಲು ಬಿಳಿಯ ಬಟ್ಟೆಯ ಮುಂದೆ ಓರೆಮಾಡಿ ಬಣ್ಣ ನೋಡುವುದು. ಕೆಂಪು ವೈನು ಹಳೆಯದಾದಂತೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಬಿಳಿಯದು ಹೊಂಬಣ್ಣಕ್ಕೆ. ಅನಂತರ ಅಲುಗಿಸದೆ ಒಮ್ಮೆ ಮೂಸುವುದು, ಬಟ್ಟಲನ್ನು ಗರಗರನೆ ತಿರುಗಿಸಿ ಇನ್ನೊಮ್ಮೆ ಮೂಸುವುದು. ತಿರುಗಿಸಿದಾಗ ಗಾಜಿನ ಒಳಮೈಯಲ್ಲಿ ಕಣ್ಣೀರಿನಂತೆ ಹನಿಗಳು ಇಳಿಯುತ್ತವೆ. ಅವನ್ನು ಕಂಡು ‘ಉತ್ಕೃಷ್ಟವಾದದ್ದು’ ಎಂದು ತಲೆದೂಗುವವರಿದ್ದಾರೆ. ಅದು ಮದ್ಯಾಂಶ ಆವಿಯಾಗುವಾಗ ದ್ರವದ ಮೇಲ್ಮೈಯ ಸೆಳೆತದಲ್ಲಾಗುವ ವ್ಯತ್ಯಾಸವೇ ಹೊರತು ಗುಣದ ಗುರುತಲ್ಲ. ಕೊನೆಗೆ ಒಂದು ಸಣ್ಣ ಗುಟುಕು, ಅದರೊಡನೆ ಸ್ವಲ್ಪ ಗಾಳಿಯನ್ನೂ ಸೊರ್ರೆಂದು ಎಳೆದುಕೊಂಡು, ಬಾಯಿಯಲ್ಲೆಲ್ಲ ಆಡಿಸಿ, ಉಗುಳುವುದು. ನಮ್ಮ ಮಕ್ಕಳು ಚಹ ಸೊರ್ರೆಂದು ಕುಡಿದಾಗ ಗದರಿಸುವ ನಾವು ಇಲ್ಲಿ ಅದನ್ನೇ ಹಣ ಕೊಟ್ಟು ಕಲಿಯಬೇಕು. ಗಾಳಿಯೇಕೆಂದರೆ, ನಾವು ರುಚಿಯೆಂದು ಕರೆಯುವುದರಲ್ಲಿ ಬಹುಪಾಲು ಗಂಧವೇ. ಬಾಯಿಯ ಹಿಂಬದಿಯಿಂದ ಅದು ಮೂಗಿಗೆ ಏರುತ್ತದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ನಾಲಗೆ ಕೆಟ್ಟದ್ದರಿಂದಲ್ಲ.

ಇಲ್ಲಿಯವರೆಗೆ ಎಲ್ಲವೂ ಸುಗಮ. ತೊಡಕು ಹೆಸರಿಡುವುದರಲ್ಲಿ. ತರುಣಿಯು ಮೊದಲನೆಯ ಬಿಳಿಯ ವೈನನ್ನು ಮೂಸಿಸಿ, ಗೂಸ್‌ಬೆರಿಯ ವಾಸನೆ ಬಂತೇ ಎಂದು ಕೇಳಿದಳು. ಬಂತು ಬಂತು ಎಂದರು ಎಲ್ಲರೂ. ಕೆಂಪು ವೈನಿನಲ್ಲಿ ಬ್ಲ್ಯಾಕ್‌ಕರಂಟ್ ಇದೆಯೇ ಎಂದಳು. ಇದೆ ಎಂದರು. ಆ ಮೇಜಿನ ಸುತ್ತ ಕುಳಿತವರಲ್ಲಿ ಎಷ್ಟು ಮಂದಿ ಆ ಹಣ್ಣುಗಳನ್ನು ಗಿಡದಲ್ಲಿ ಕಂಡಿದ್ದರೋ ಹೇಳಲಾರೆ. ಗೂಸ್‌ಬೆರಿಯೆಂದರೆ ನೆಲ್ಲಿಕಾಯಿಯೆಂದು ಬಗೆಯುವವರು ನಮ್ಮಲ್ಲಿ ಅನೇಕರು. ಆದರೆ ಆ ವಿಲಾಯತಿ ಹಣ್ಣಿಗೂ ನಮ್ಮ ನೆಲ್ಲಿಗೂ ವಂಶಸಂಬಂಧವೇ ಇಲ್ಲ. ಕಾಣದ ಹಣ್ಣಿನ ವಾಸನೆಯನ್ನು ಕಂಡೆನೆನ್ನುವುದು ಕಲಿಕೆಯಲ್ಲ, ಶಿಷ್ಟಾಚಾರ.

ಅತ್ತಿಗೆಯವರಿಗೆ ಈ ಶಿಷ್ಟಾಚಾರ ತಿಳಿಯದು. ಬಿಳಿಯ ವೈನನ್ನು ಮೂಗಿನ ಹತ್ತಿರ ತಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೇರಲೆ ಹಣ್ಣು. ಮತ್ತೆ, ಹಸಿ ದೊಣ್ಣೆಮೆಣಸು ಹೆಚ್ಚಿದ ಹಾಗೆ’ ಎಂದರು. ಮೇಜಿನ ಆಚೆಯಿಂದ ಯಾರೋ ಮೆಲ್ಲನೆ ನಕ್ಕರು. ತರುಣಿ ನಗಲಿಲ್ಲ. ಸೋವಿನ್ಯೋಂ ಬ್ಲಾಂ ಎಂಬ ಆ ದ್ರಾಕ್ಷಿಯಲ್ಲಿರುವ ಹಸುರು ವಾಸನೆಯ ಪದಾರ್ಥವೂ ದೊಣ್ಣೆಮೆಣಸಿನಲ್ಲಿರುವುದೂ ಒಂದೇ ಎಂದು ವಿವರಿಸಿದಳು. ಅದು ಹೋಲಿಕೆಯ ಮಾತಲ್ಲ, ವಸ್ತುಸ್ಥಿತಿ. ಲೀಟರಿಗೆ ಗ್ರಾಮಿನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ.

ಮೂರನೆಯದು ಶಿರಾಜ್ ಎಂಬ ಕಪ್ಪು ದ್ರಾಕ್ಷಿಯದು. ಅತ್ತಿಗೆಯವರು, ‘ಇದು ನೇರಳೆ ಹಣ್ಣು, ಮರದಿಂದ ಬಿದ್ದು ಎರಡು ದಿನವಾದದ್ದು’ ಎಂದರು. ಮತ್ತೊಮ್ಮೆ ಮೂಸಿ, ‘ಕಾಳುಮೆಣಸೂ ಉಂಟು’ ಎಂದರು. ಮಗನು ತಾನೂ ಮೂಸಿ ನೋಡಿ, ತನಗೇನೂ ತೋಚದೆಂದು ಹೇಳಿದ. ಇಬ್ಬರೂ ಸರಿಯೇ. ಶಿರಾಜಿನಲ್ಲಿ ಬರುವ ಮೆಣಸಿನ ವಾಸನೆಗೆ ಕಾರಣವಾದ ರೋಟಂಡೋನ್ ಎಂಬ ಪದಾರ್ಥವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ನಮ್ಮ ಕಾಳುಮೆಣಸಿನ ಗಂಧಕ್ಕೂ ಅದೇ ಮೂಲ. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಾಸನೆ ತಾಗಲೇ ಇಲ್ಲವಂತೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಪೋರ್ತುಗೀಜರೇ ಕರೆದಿದ್ದರು. ಆ ರಾಣಿಯ ಜಿಲ್ಲೆಯವರಿಗೆ ಈ ವಾಸನೆಯನ್ನು ಇಂಗ್ಲಿಷಿನಲ್ಲಿ ಹೇಳಿಕೊಡಬೇಕಾಗಿಲ್ಲ.

ಪೀಪಾಯಿಯಲ್ಲಿಟ್ಟ ವೈನಿನಲ್ಲಿ ಅವರು ಲವಂಗವನ್ನೂ ಕೊಬ್ಬರಿಯನ್ನೂ ಕಂಡರು. ಸುಟ್ಟು ಬಾಗಿಸಿದ ಓಕ್ ಹಲಗೆಯಿಂದ ಲವಂಗದ ಸಾರವಾದ ಯೂಜಿನಾಲೂ, ಕೊಬ್ಬರಿಯ ವಾಸನೆಯುಳ್ಳ ಇನ್ನೊಂದು ದ್ರವ್ಯವೂ ವೈನಿಗೆ ಇಳಿಯುವುದು ನಿಜ. ಈ ಹೊತ್ತಿಗೆ ಮೇಜಿನ ಆಚೆಯವರ ನಗೆ ನಿಂತಿತ್ತು. ಅತ್ತಿಗೆಯವರು ಏನೆನ್ನುವರೋ ಎಂದು ಎಲ್ಲರೂ ಅವರ ಮುಖ ನೋಡುತ್ತಿದ್ದರು.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಆನ್ ನೋಬಲ್ ಎಂಬ ವಿದುಷಿ 1984ರ ಸುಮಾರಿಗೆ ‘ಪರಿಮಳ ಚಕ್ರ’ವೊಂದನ್ನು ರಚಿಸಿದರು. ಚೆನ್ನಾಗಿದೆ, ಗಂಭೀರವಾಗಿದೆ ಎಂಬ ಹೊಗಳಿಕೆಯ ಮಾತುಗಳನ್ನು ಕೈಬಿಟ್ಟು, ನಿಂಬೆ, ಲವಂಗ, ಹುಲ್ಲು ಎಂದು ವಸ್ತುಗಳ ಹೆಸರನ್ನೇ ಹೇಳಬೇಕೆಂಬುದು ಅದರ ಉದ್ದೇಶ. ಅಡುಗೆಮನೆಯ ಪದಾರ್ಥಗಳನ್ನು ಬಟ್ಟಲುಗಳಲ್ಲಿಟ್ಟು ಮೂಸಿ ಅಭ್ಯಾಸಮಾಡಲು ಅವರು ಹೇಳುತ್ತಿದ್ದರು. ಆ ಚಕ್ರದ ಬೆಲೆ ಇರುವುದು ಆ ಪದ್ಧತಿಯಲ್ಲಿ; ಆದರೆ ಅದರ ಮೇಲೆ ಬರೆದ ಹಣ್ಣುಗಳು ಬಹುತೇಕ ಅವರ ನಾಡಿನ ಅಂಗಡಿಗಳವು. ಅಂಕೋಲೆಯವರು ಚಕ್ರ ಬರೆದರೆ ಅದರಲ್ಲಿ ನೇರಳೆ, ಮುರುಗಲು, ಗೇರುಹಣ್ಣು, ಹಲಸು, ಸುರಗಿಯ ಹೂ, ಮೊದಲ ಮಳೆಗೆ ನೆನೆದ ಜಂಬಿಟ್ಟಿಗೆ ಇರಬೇಕು. ಬೆಂಗಳೂರು ನೀಲಿಯನ್ನು ಮೂಸಿದ ವಿಲಾಯತಿಯವರು ಆ ವಂಶದ ದ್ರಾಕ್ಷಿಗೆ ನರಿಯ ವಾಸನೆಯೆಂದು ಮೂಗು ಮುರಿಯುತ್ತಾರೆ. ಆ ವಂಶದ ಹಲವು ಹಣ್ಣುಗಳಲ್ಲಿ ಆ ಗಂಧವನ್ನು ಹುಟ್ಟಿಸುವ ದ್ರವ್ಯವೇ ಮಲ್ಲಿಗೆಯಲ್ಲಿಯೂ ಇದೆ. ನರಿಯೆನ್ನುವುದೋ ಮಲ್ಲಿಗೆಯೆನ್ನುವುದೋ ಎಂಬುದು ಮೂಗಿನ ಪ್ರಶ್ನೆಯಲ್ಲ, ಹೆಸರಿಡುವ ಅಧಿಕಾರದ ಪ್ರಶ್ನೆ.

ಒಗರಿನ ವಿಷಯಕ್ಕೆ ಬರೋಣ. ಕೆಂಪು ವೈನು ಒಸಡನ್ನೂ ನಾಲಗೆಯನ್ನೂ ಒಣಗಿಸಿ ಹಿಡಿದೆಳೆಯುತ್ತದೆ. ಸಿಪ್ಪೆ ಬೀಜಗಳ ಟ್ಯಾನಿನು ಜೊಲ್ಲಿನ ಪ್ರೋಟೀನುಗಳೊಡನೆ ಬೆರೆತು ಅದರ ಜಾರುಗುಣವನ್ನು ಕಳೆಯುವುದೇ ಇದಕ್ಕೆ ಕಾರಣ. ಇಂಗ್ಲಿಷಿನಲ್ಲಿ ಕಲಿತವರಿಗೆ ಇದನ್ನು ಕಹಿಯಿಂದ ಬೇರ್ಪಡಿಸಿ ತೋರಿಸುವುದಕ್ಕೆ ಅರ್ಧ ಪಾಠ ಬೇಕಾಗುತ್ತದೆ. ನಮ್ಮ ಆಯುರ್ವೇದವಾದರೋ ಷಡ್ರಸಗಳಲ್ಲಿ ಕಷಾಯವೆಂದು ಇದಕ್ಕೆ ಪ್ರತ್ಯೇಕ ಪೀಠವನ್ನೇ ಕೊಟ್ಟಿದೆ. ಕನ್ನಡದ ಕೂಸು ಕೂಡ ಎಳೆಯ ಗೇರುಹಣ್ಣನ್ನು ಕಚ್ಚಿ ‘ಒಗರು’ ಎನ್ನುತ್ತದೆ. ಘಟ್ಟದ ಮೇಲೆ ಅಡಿಕೆ ಬೇಯಿಸಿದ ಚೊಗರನ್ನು ಕಂಡವರಿಗೆ ಟ್ಯಾನಿನಿನ ಬಣ್ಣವೂ ಗೊತ್ತು. ನಾಲಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ನಾವೆಲ್ಲ ಶಾಲೆಯಲ್ಲಿ ಬರೆದ ನಾಲಗೆಯ ನಕ್ಷೆ ಮಾತ್ರ ಹುಸಿ. 1901ರ ಒಂದು ಜರ್ಮನ್ ಪ್ರಬಂಧವನ್ನು ಮುಂದಿನವರು ತಪ್ಪಾಗಿ ಅರ್ಥಮಾಡಿದ್ದರಿಂದ ಹುಟ್ಟಿದ ನಕ್ಷೆ ಅದು. ನಾಲಗೆಯ ಎಲ್ಲ ಭಾಗವೂ ಎಲ್ಲ ರುಚಿಯನ್ನೂ ಬಲ್ಲುದು.

ಬಲ್ಲವರೂ ಕಣ್ಣಿನಿಂದ ಮೋಸಹೋಗುತ್ತಾರೆ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಾರಸ ಶಾಸ್ತ್ರವನ್ನು ಓದುತ್ತಿದ್ದ 54 ಮಂದಿ ವಿದ್ಯಾರ್ಥಿಗಳಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಕಲಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಹೇಳುವ ಹಣ್ಣುಗಳ ಹೆಸರನ್ನೇ ಹೇಳಿದರೆಂದು 2001ರಲ್ಲಿ ಪ್ರಕಟವಾಯಿತು. ಆ ಹುಡುಗರನ್ನು ನೋಡಿ ನಗುವ ಮುನ್ನ, ಹಳದಿಯಾಗಿ ಕಂಡದ್ದೆಲ್ಲ ಸಿಹಿಯೆಂದು ಮಾವು ಕೊಳ್ಳುವ ನಮ್ಮ ಪಟ್ಟಣಿಗರನ್ನು ನೆನೆಯುವುದು ಒಳ್ಳೆಯದು.

ಮಾವೆಂದಾಗ ಅಂಕೋಲೆಯ ಇಶಾಡನ್ನು ಹೇಳದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಕರಿ ಇಶಾಡಿನ ಸಿಪ್ಪೆ ತೆಳುವು, ತಿರುಳು ಹೆಚ್ಚು, ಸವಿ ಹೆಚ್ಚು. ಬಿಳಿ ಇಶಾಡಿನ ಸಿಪ್ಪೆ ದಪ್ಪ, ಸವಿಯೂ ಒಂದು ಪಾವಲಿ ಕಡಿಮೆ. ನಮ್ಮ ಹೆಂಗಸರು ಅಂಕೋಲೆಯ ರಸ್ತೆಬದಿಯ ಬುಟ್ಟಿಯ ಮುಂದೆ ಕುಳಿತು ಹಣ್ಣನ್ನು ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ, ತೊಟ್ಟಿನ ಬುಡವನ್ನು ಮೂಸುತ್ತಾರೆ, ಅನಂತರವೇ ದರ ಕೇಳುತ್ತಾರೆ. ನೋಡು, ಮೂಸು, ಸವಿ: ಆ ಮೇಜಿನ ಮೇಲೆ ಕಲಿಸಿದ್ದೂ ಇದೇ ಕ್ರಮವನ್ನು. ಕರಿ ಇಶಾಡಿಗೆ ಭೌಗೋಳಿಕ ಗುರುತು ದೊರೆತದ್ದು 2023ರಲ್ಲಿ. ವಸ್ತುವಿಗೆ ಅದರ ನೆಲದ ಹೆಸರನ್ನೇ ಇಡುವ ಈ ಪದ್ಧತಿಯನ್ನು ಫ್ರೆಂಚರು ವೈನಿಗಾಗಿ 1935ರಲ್ಲಿ ಕಾನೂನು ಮಾಡಿ ಬಲಪಡಿಸಿದರು. ಪದ್ಧತಿ ಮಾತ್ರ ಅವರದೇ ಅಲ್ಲ. ದ್ರಾಕ್ಷಿಯ ರಸದಿಂದಾದ ಮಧುವನ್ನು ಹುಟ್ಟಿದ ಸೀಮೆಯ ಮೇಲಿಂದ ಕಾಪಿಶಾಯನ, ಹಾರಹೂರಕ ಎಂದು ಗುರುತಿಸುತ್ತಿದ್ದರೆಂಬ ವಿಷಯ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ಕಾಪಿಶವು ಇಂದಿನ ಅಫಘಾನಿಸ್ತಾನದಲ್ಲಿದ್ದ ಸೀಮೆ. ಹಾರಹೂರಕ್ಕೂ ಹಾರವಾಡಕ್ಕೂ ಯಾವ ಸಂಬಂಧವೂ ಇಲ್ಲವೆಂದು, ಊರಿನ ಅಭಿಮಾನಿಗಳು ಪತ್ರ ಬರೆಯುವ ಮುನ್ನವೇ ಸ್ಪಷ್ಟಪಡಿಸುತ್ತೇನೆ.

ನಾಲ್ಕನೆಯ ಬಟ್ಟಲಿನ ಸರದಿ ಬಂದಾಗ ಅತ್ತಿಗೆಯವರು ಅದನ್ನು ಮೂಸಿ ಬಹಳ ಹೊತ್ತು ಮಾತಾಡಲಿಲ್ಲ. ತರುಣಿ, ‘ಏನು ಸಿಕ್ಕಿತು ಅಮ್ಮಾ?’ ಎಂದು ಕೇಳಿದಳು.

‘ಹಣ್ಣು ಉಂಟು, ಲವಂಗ ಉಂಟು. ಅದರ ಹಿಂದೆ ನಮ್ಮ ಅಪ್ಪನ ಅಂಗಿಯ ವಾಸನೆಯೂ ಉಂಟು’ ಎಂದರು ಅತ್ತಿಗೆಯವರು.

ತರುಣಿಗೆ ಮೊದಲು ಅರ್ಥವಾಗಲಿಲ್ಲ, ಅನಂತರ ಆಯಿತು. ಅವಳು ಮಾತು ತೇಲಿಸದೆ, ‘ಹೌದಮ್ಮಾ, ಅದೂ ಇದೆ. ನೂರಕ್ಕೆ ಹದಿಮೂರು ಪಾಲು’ ಎಂದಳು. ಫೆನ್ನಿಯಲ್ಲಿ ಅದು ನಲವತ್ತಕ್ಕೂ ಮಿಕ್ಕಿರುತ್ತದೆ. ಪ್ರಮಾಣ ಬೇರೆ, ಪದಾರ್ಥ ಅದೇ. ರುಚಿಯ ಪಾಠ ಹೇಳುವವರು ಸಾಮಾನ್ಯವಾಗಿ ಹಣ್ಣು ಹೂವುಗಳ ಹೆಸರನ್ನು ನೂರು ಹೇಳಿ, ಈ ಒಂದನ್ನು ಮರೆಸುತ್ತಾರೆ. ಆ ಹುಡುಗಿ ಮರೆಸಲಿಲ್ಲ. ಅತ್ತಿಗೆಯವರಿಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗ. ಊರು ಯಾವುದು, ತಂದೆತಾಯಿ ಎಲ್ಲಿದ್ದಾರೆ ಎಂದೆಲ್ಲ ವಿಚಾರಿಸಿದರು. ನಾಲ್ಕು ಬಟ್ಟಲುಗಳಲ್ಲಿ ಒಂದನ್ನೂ ಅವರು ತುಟಿಗೆ ಮುಟ್ಟಿಸಲಿಲ್ಲ. ಆ ಮೇಜಿನ ಮೇಲೆ ಅತ್ಯಂತ ಚೆನ್ನಾಗಿ ಕಲಿತವರೂ ಅವರೇ.

ಈ ಅಭ್ಯಾಸಕ್ಕೆ ವೈನೇ ಬೇಕೆಂದಿಲ್ಲ. ಮನೆಯಲ್ಲಿ ಮಕ್ಕಳೊಡನೆ ಆಡುವಂಥದು. ಒಂದು ಲೋಟದಲ್ಲಿ ಸಕ್ಕರೆಯ ನೀರು, ಒಂದರಲ್ಲಿ ನಿಂಬೆ, ಒಂದರಲ್ಲಿ ಹಾಲಿಲ್ಲದೆ ಹತ್ತು ನಿಮಿಷ ನೆನೆಸಿದ ಕಪ್ಪು ಚಹ. ಮೊದಲನೆಯದನ್ನು ಎರಡನೆಯದರೊಡನೆ ಬೆರೆಸಿದರೆ ಹುಳಿ ಹೇಗೆ ತಗ್ಗಿದಂತೆ ತೋರುವುದೆಂಬುದು ತಿಳಿಯುತ್ತದೆ. ಮೂರನೆಯದು ಒಗರಿನ ಪಾಠ. ಅನಂತರ ಮಕ್ಕಳ ಕಣ್ಣು ಕಟ್ಟಿ ಲವಂಗ, ಜಾಯಿಕಾಯಿ, ಏಲಕ್ಕಿ, ಕಾಳುಮೆಣಸು, ಕೊಬ್ಬರಿ, ಒಣಗಿದ ಮುರುಗಲ ಸಿಪ್ಪೆಗಳನ್ನು ಒಂದೊಂದಾಗಿ ಮೂಸಿಸಬೇಕು. ಬೆಂಗಳೂರಿನ ಆ ಮನೆಯಲ್ಲಿ ನಾವು ಹೀಗೆ ಆಡಿಸಿದಾಗ ಹನ್ನೊಂದು ವರ್ಷದ ಮೊಮ್ಮಗಳು ಏಲಕ್ಕಿಯನ್ನು ಪಾಯಸವೆಂದಳು, ಲವಂಗವನ್ನು ಹಲ್ಲುಜ್ಜುವ ಪೇಸ್ಟೆಂದಳು, ಮುರುಗಲನ್ನು ಏನೆಂದೂ ಹೇಳಲಿಲ್ಲ. ಅವಳ ಮೂಗಿನಲ್ಲಿ ಕೊರತೆಯಿಲ್ಲ. ಮೂಸಿದ್ದಕ್ಕೆ ಇಡಲು ಅವಳ ಬಳಿ ಕನ್ನಡದ ಹೆಸರೂ ಇರಲಿಲ್ಲ, ಇಂಗ್ಲಿಷಿನದೂ ಇರಲಿಲ್ಲ. ಬೇಸಗೆಯ ರಜೆಯಲ್ಲಿ ಅವಳನ್ನು ಹಾರವಾಡಕ್ಕೆ ಕಳಿಸಬೇಕೆಂದು ಅತ್ತಿಗೆಯವರು ಅಂದೇ ಮಗನಿಂದ ಮಾತು ತೆಗೆದುಕೊಂಡರು.

ಮೀನಿನೂಟದ ಜೊತೆಗೆ ಕೆಂಪು ವೈನು ಸಲ್ಲದೆಂಬ ವಿಲಾಯತಿ ಪದ್ಧತಿಗೂ ಆಧಾರವಿದೆ. ಕೆಂಪು ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಮೀನಿನ ಕಮಟು ವಾಸನೆ ಬಾಯಲ್ಲಿ ಏಳುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಇದನ್ನು ಹೇಳಿದಾಗ ಅತ್ತಿಗೆಯವರು, ಬಂಗಡೆಯ ಸಾರಿಗೆ ಮುರುಗಲಿಗಿಂತ ಬೇರೆ ಕೆಂಪು ಬೇಕಾಗಿಯೇ ಇಲ್ಲವೆಂದರು.

ಮಗನು ಅಂದು ಒಂದು ಸೀಸೆ ಕೊಂಡಿದ್ದ. ಅರ್ಧ ಮುಗಿದದ್ದು ಕಪಾಟಿನ ಮೂಲೆಯಲ್ಲಿ ಮರೆತು ಉಳಿಯಿತು. ಗಾಳಿ ತಾಗಿದ ವೈನನ್ನು ಸೂಕ್ಷ್ಮಜೀವಿಗಳು ಹುಳಿಗಟ್ಟಿಸುತ್ತವೆ, ಮದ್ಯಾಂಶವು ಆಮ್ಲವಾಗುತ್ತದೆ. ಫ್ರೆಂಚ್ ಭಾಷೆಯಲ್ಲಿ ವಿನೆಗರ್ ಎಂಬ ಪದದ ಅರ್ಥವೇ ಹುಳಿಯಾದ ವೈನು. ಊರಿಗೆ ಹೊರಡುವ ಹಿಂದಿನ ದಿನ ಕಪಾಟು ಒರೆಸುತ್ತಿದ್ದ ಅತ್ತಿಗೆಯವರು ಮುಚ್ಚಳ ತೆಗೆದು ಮೂಸಿ, ‘ತಮಾ, ಆ ವಾಸನೆ ಕಡಿಮೆಯಾಗಿದೆ’ ಎಂದರು. ಇನ್ನೊಂದು ತಿಂಗಳು ಹಾಗೆಯೇ ಬಿಟ್ಟರೆ ಪೂರ್ತಿ ಹೋದೀತೇ ಎಂದು ಕೇಳಿದರು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಗಾಳಿಯಾಡುವಲ್ಲಿ ಇಟ್ಟರೆ ಹೋದೀತು ಎಂದೆ. ಬಟ್ಟೆ ಕಟ್ಟಿ, ಸೀಸೆಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಮಾವಿನ ಮಿಡಿ ಬರುವ ಹೊತ್ತಿಗೆ ಒಮ್ಮೆ ಮೂಸಿ ನೋಡಬೇಕೆಂದು ಸೊಸೆಗೆ ಹೇಳಿ ಬಂದರು.